ದೊಡ್ಡಪ್ಪನ ಸ್ಟುಡಿಬೇಕರ್: ಉಳಿಸೋದೋ, ತೂಕಕ್ಕ ಹಾಕೋದೋ?

ದೀಪಾವಳಿ ಒಳಗ ದಾವಣಗೆರೆಯ ನಮ್ಮ ಹಳೇ ಹತ್ತಿ ಗೋಡೌನ್ ಖಾಲಿ ಮಾಡಬೇಕು ಅಂತ ತಮ್ಮ ಹೇಳಿದಾಗಿನಿಂದ ತವರುಮನಿಯಾಗ ಒಂದೇ ಮಾತು. ಮೂಲಿಯಾಗ ತಾಡಪಾಲು ಹೊದ್ದು ನಿಂತಿರೋ ದೊಡ್ಡಪ್ಪನ ಕಾರು ಏನ್ ಮಾಡೋದು? ಗುಜರಿಯವನು ತೂಕದ ಲೆಕ್ಕದಾಗ 40,000 ಕೊಡ್ತೀನಿ ಅಂದ. ತಮ್ಮನ ಮಗ ಮಾತ್ರ, "ಅತ್ತಿ, ಇದು 1951ರ ಸ್ಟುಡಿಬೇಕರ್ ಚಾಂಪಿಯನ್. ಇಂಥದ್ದು ಈಗ ಹುಡುಕಿದ್ರೂ ಸಿಗಂಗಿಲ್ಲ. 12 ಲಕ್ಷ ಸಾಲ ಮಾಡಿ ಹೊಸದರಂಗ ಮಾಡಿಸ್ತೀನಿ" ಅಂತ ಹಟ ಹಿಡಿದ. ಅವನ ತಂಗಿ ಕಾಲೇಜಿನ ಫೀಸು ಇನ್ನೂ ಎರಡು ವರ್ಷ ಕಟ್ಟೋದು ಐತಿ. ಮನಿ ಮಂದಿ ಎರಡು ಪಾರ್ಟಿ ಆದ್ರು, ಮಧ್ಯಸ್ಥಿಕಿಗೆ ನನ್ನನ್ನ ಕರೆದ್ರು.

ಕಾರಿನ ವಿಷಯ ನನಗೇನು ಗೊತ್ತಿತ್ತು? ಬೆಲೆ ಕಟ್ಟೋದಕ್ಕ ಮೊದಲು ಅದು ಯಾರದು, ಎಲ್ಲಿಂದ ಬಂತು ಅಂತ ತಿಳ್ಕೋಬೇಕು ಅನ್ನಿಸ್ತು. ಹುಡುಗನ ಕೈಯಿಂದ ಓದಿಸಿಕೊಂಡೆ, ನಾನೂ ಓದಿದೆ. ನಿಮಗೂ ಹೇಳ್ತೀನಿ ಕೇಳ್ರಿ.

ಸ್ಟುಡಿಬೇಕರ್ ಅನ್ನೋದು ಒಂದು ಮನೆತನದ ಹೆಸರು. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಅನ್ನೋ ಊರಾಗ 1852ರಾಗ ಇಬ್ಬರು ಅಣ್ಣತಮ್ಮಂದಿರು ಕಮ್ಮಾರಸಾಲಿ ಹಾಕಿದ್ರು. ಕೈಯಾಗ ಇದ್ದದ್ದು 68 ಡಾಲರ್. ಇನ್ನೊಬ್ಬ ತಮ್ಮ ಕ್ಯಾಲಿಫೋರ್ನಿಯಾಕ್ಕ ಬಂಗಾರ ಅಗಿಯೋ ಮಂದಿ ಹಿಂದೆ ಹೋಗಿ, ತಾನು ಬಂಗಾರ ಅಗಿಯೋದು ಬಿಟ್ಟು ಅವರಿಗೆ ಒಂಟಿಗಾಲಿ ತಳ್ಳುಗಾಡಿ ಮಾಡಿ ಮಾರಿದ. 1858ರಾಗ 8,000 ಡಾಲರ್ ಗಂಟು ಕಟ್ಕೊಂಡು ಬಂದು ಅಣ್ಣಂದಿರ ಧಂದೆಗೆ ಹಾಕಿದ. ಹಿಂಗ ಕುದುರಿಗಾಡಿ ಮಾಡ್ತಾ ಮಾಡ್ತಾ ದೊಡ್ಡೋರಾಗಿ, 1902ರಾಗ ಬ್ಯಾಟರಿ ಕಾರು, 1904ರಾಗ ಪೆಟ್ರೋಲ್ ಕಾರು ಮಾಡಾಕ ಹಿಡಿದ್ರು. ಚಕ್ಕಡಿ ಗಾಲಿಗೆ ಹಳಿ ಬಡಿಯೋ ಕಮ್ಮಾರರು ಕಾರಿನ ಕಂಪನಿ ಮಾಡಿದಂಗ ಅಂತ ತಿಳ್ಕೊಳ್ರಿ.

ನಮ್ಮ ದೇಶದಾಗ ಈ ಕಾರನ್ನ ಕಲ್ಕತ್ತಾ ಹತ್ತಿರದ ಉತ್ತರಪಾಡಾದಾಗ ಹಿಂದೂಸ್ತಾನ್ ಮೋಟಾರ್ಸ್‌ನೋರು ಬಿಡಿಭಾಗ ತರಿಸಿ ಜೋಡಸ್ತಿದ್ರು. ಮುಂದೆ ಅಂಬಾಸಿಡರ್ ಮಾಡಿದ್ರಲ್ಲ, ಅವರೇ. ಡಾಡ್ಜ್, ಪ್ಲಿಮತ್ ಕಾರು ಬಾಂಬೆದಾಗ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿಯೊಳಗ ತಯಾರಾಗ್ತಿದ್ವು. ಇದರಾಗ ನಮ್ಮ ನಾಡಿನದೂ ಒಂದು ಕಥಿ ಐತಿ. 1935ರಾಗ ಸರ್ ಎಂ. ವಿಶ್ವೇಶ್ವರಯ್ಯನವರು ಅಮೆರಿಕ, ಯುರೋಪು ತಿರುಗಿ ಕಾರು ಕಾರ್ಖಾನಿ ನೋಡ್ಕೊಂಡು ಬಂದಿದ್ರು. ಆ ಯೋಜನೆ ಹಿಡಿದು ವಾಲ್‌ಚಂದರು ಓಡಾಡಿದ್ರು, ಮೈಸೂರು ಸರ್ಕಾರಕ್ಕೂ ಮನಸ್ಸಿತ್ತು. ಆದ್ರ ಬ್ರಿಟಿಷ್ ಸರ್ಕಾರ ಕೈ ಜೋಡಸಲಿಲ್ಲ. ಅದೇ ವಾಲ್‌ಚಂದರು ಮೈಸೂರು ಸರ್ಕಾರದ ಜೊತಿಗೆ 1940ರ ಡಿಸೆಂಬರಿನಾಗ ಬೆಂಗಳೂರಿನಾಗ ವಿಮಾನದ ಕಾರ್ಖಾನಿ ತೆಗೆದ್ರು, ಅದೇ ಈಗಿನ ಎಚ್.ಎ.ಎಲ್. ಕಾರು ಕೈತಪ್ಪಿ ವಿಮಾನ ಬಂತು.

1953ರಾಗ ಸರ್ಕಾರ ಒಂದು ನಿರ್ಧಾರ ಮಾಡಿತು. ಬರೇ ಜೋಡಿಸೋ ಕಂಪನಿ ಬ್ಯಾಡ, ಇಲ್ಲೇ ಭಾಗ ತಯಾರಿಸೋರು ಮಾತ್ರ ಇರ್ರಿ ಅಂತ. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟಿ ಕಟ್ಟಿದ್ವು. ದೊಡ್ಡ ಅಮೆರಿಕನ್ ಕಾರು ಬರಬರತ ಕಡಿಮಿ ಆದ್ವು. ಸೌತ್ ಬೆಂಡಿನ ಕಾರ್ಖಾನಿ 1963ರ ಡಿಸೆಂಬರಿಗೆ ನಿಂತಿತು, ಕೆನಡಾದಾಗ ಇದ್ದದ್ದೂ 1966ಕ್ಕ ಮುಗೀತು. ಅಂದ್ರ ನಮ್ಮ ದೊಡ್ಡಪ್ಪನ ಕಾರಿಗೆ ತವರುಮನಿ ಇಲ್ಲದಂಗಾತು.

ದೊಡ್ಡಪ್ಪ ಇದನ್ನ 1958ರಾಗ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ರು. ಆಗ ದಾವಣಗೆರಿ ಅಂದ್ರ ಹತ್ತಿ ಮತ್ತು ಮಿಲ್ಲು. ಹತ್ತಿ ನೋಡಾಕ ರಾಣೇಬೆನ್ನೂರು, ಹುಬ್ಬಳ್ಳಿ ತನಕ ಇದರಾಗೇ ಓಡಾಟ. ಹೆಂಗಸ್ರನ್ನ ಕೂಡಿಸಿದ್ದು ಬಾಳ ಕಡಿಮಿ. ಮದುವಿ, ದೇವಸ್ಥಾನ, ದವಾಖಾನಿ, ಅಷ್ಟೇ. 1973ರ ಕೊನಿಗೆ ಪೆಟ್ರೋಲ್ ರೇಟು ಏರಿದ ಮ್ಯಾಲೆ ಕಾರು ಗೋಡೌನ್ ಸೇರಿತು. ಆಮ್ಯಾಲೆ ಹೊರಗ ಬರಲೇ ಇಲ್ಲ.

ಈಗ ಲೆಕ್ಕಕ್ಕ ಬರೋಣ. ಅಪರೂಪದ್ದು ಅಂದಕೂಡಲೇ ಬೆಲೆ ಜಾಸ್ತಿ ಅಂತ ನಾವು ತಿಳ್ಕೋತೀವಿ. ನನಗ ತಿಳಿದಿದ್ದು ಬ್ಯಾರೆ: ಅಪರೂಪ ಅಂದ್ರ ಮೊದಲು ಖರ್ಚು ಜಾಸ್ತಿ. ಅಂಬಾಸಿಡರ್ ಆಗಿದ್ರ ಯಾವ ಊರಾಗಾದ್ರೂ ಭಾಗ ಸಿಗ್ತಿತ್ತು. ಇದರ ಒಂದು ದೀಪದ ಗಾಜು ಒಡೆದ್ರೂ ಅಮೆರಿಕದಿಂದ ಬರಬೇಕು, ಸಾಗಾಣಿಕಿ, ಸುಂಕ ಬ್ಯಾರೆ. ಇದರ ಕರೆಂಟೂ 6 ವೋಲ್ಟಿಂದು, ಈಗಿನ 12 ವೋಲ್ಟಿನ ಬಲ್ಬು, ಬ್ಯಾಟರಿ ಹೊಂದಂಗಿಲ್ಲ. ಎಂಜಿನ್ ಕೆಟ್ರ ಹೆಂಗಾದ್ರೂ ರಿಪೇರಿ ಮಾಡಬಹುದಂತ. ಗ್ರಿಲ್, ಗಾಜು, ಹೊಳಿಯೋ ಪಟ್ಟಿ ಕಳೆದಿದ್ರ ಅದೇ ದೊಡ್ಡ ಖರ್ಚಂತ.

ಹಂಗಾಗಿ ನಾನು ಹಿತ್ತಾಳಿ ಕೊಡ ನೋಡಿದಂಗ ನೋಡ್ರಿ ಅಂದೆ. ತಳ ಗಟ್ಟಿ ಐತೋ ಮೊದಲು ನೋಡ್ತೀವಿ, ಆಮ್ಯಾಲೆ ತೂತು ಮುಚ್ಚಿಸ್ತೀವಿ, ಕಲಾಯಿ ಕಡೀಕ. ಕಾರಿಗೆ ತಳ ಅಂದ್ರ ಚಾಸಿ. ಅದು ತುಕ್ಕು ಹಿಡಿದು ಪುಡಿ ಆಗಿದ್ರ ಮಾತೇ ಮುಗೀತು. ಗೋಡೌನ್ ಒಣ ಇದ್ದದ್ದಕ್ಕ ಅದು ಗಟ್ಟಿ ಇತ್ತು, ಡ್ರೈವರ್ ಕಾಲ ಕೆಳಗಿನ ತಗಡು ಮಾತ್ರ ಹೋಗಿತ್ತು. ಎರಡನೇದು, ಏನೇನು ಕಳೆದದ. ಈ ಕಾರಿನ ಮುಂದುಗಡೆ ವಿಮಾನದ ಮೂಗಿನಂಥ ಗುಂಡು ಐತಿ, ಅದರ ಸುತ್ತ ಹೊಳಿಯೋ ಬಳಿ. ಆ ಬಳಿ ಇರಲಿಲ್ಲ. ಹುಡುಗ ಇಂಟರ್ನೆಟ್ಟಿನಾಗ ರೇಟು ನೋಡಿ ತಲಿ ಮ್ಯಾಲೆ ಕೈ ಹೊತ್ತ. ನಮ್ಮವ್ವ ಫೋಟೋ ನೋಡಿ ನಕ್ಕು, "ಅದು ಹಿತ್ತಲದಾಗ ಹಂಡೇದ ಕೆಳಗ ಐತಿ ನೋಡು" ಅಂದ್ಲು. ನಲವತ್ತು ವರ್ಷದಿಂದ ಹಂಡೆ ಉರುಳಬಾರದು ಅಂತ ಸಿಂಬಿ ಮಾಡ್ಕೊಂಡಿದ್ಲು!

ಮೂರನೇದು, ಕೈ. ನಮ್ಮ ಮಾವನೋರು ಹರಿಹರದ ಮೈಸೂರು ಕಿರ್ಲೋಸ್ಕರಿನಾಗ ಟರ್ನರ್ ಆಗಿದ್ರು. 1941ರಾಗ ಶುರುವಾಗಿ ದೇಶಕ್ಕೆಲ್ಲ ಲೇತ್ ಮಷಿನ್ ಕೊಟ್ಟ ಕಾರ್ಖಾನಿ ಅದು, ಮುಚ್ಚಿ ಇಪ್ಪತ್ತು ವರ್ಷದ ಮ್ಯಾಲಾತು. ಅವರಿಗೀಗ 84. ಬಂದು ಆರೂ ಪ್ಲಗ್ ತೆಗೆಸಿ, ತೂತಿನಾಗ ಎಣ್ಣಿ ಬಿಟ್ಟು, "ದಿನಾ ಬಿಡ್ರಿ, ಜೋರು ಮಾಡಬ್ಯಾಡ್ರಿ" ಅಂದ್ರು. ಒಂಬತ್ತನೇ ದಿನ ಪುಲ್ಲಿಗೆ ಪಾನಾ ಹಾಕಿ ತಿರುವಿದಾಗ ಎಂಜಿನ್ ಅಲುಗಿತು. ತುಕ್ಕು ತಿಂದ ವಾಟರ್ ಪಂಪಿನ ಶಾಫ್ಟನ್ನ ಅಳತಿ ಹಿಡಿದು, ಹರಿಹರದ ಒಂದು ಸಣ್ಣ ಶೆಡ್ಡಿನಾಗ, ಅವರ ಕಾರ್ಖಾನಿಯದೇ ಹಳೇ ಲೇತ್ ಮ್ಯಾಲೆ ನಿಂತು ಮಾಡಿಸಿಕೊಟ್ರು. ಕಾರು ಇನ್ನೂ ಹತ್ತು ವರ್ಷ ಕಾಯಬಹುದು, ಇಂಥ ಕೈ ಕಾಯಂಗಿಲ್ಲ.

ಆದ್ರ ಕಡೀ ಮಾತು ಅವ್ವಂದು. 1968ರ ಒಂದು ಮಳಿ ರಾತ್ರಿ ಹರಿಹರದ ತವರಿನಿಂದ ಬ್ಯಾನಿ ತಿನ್ನೋ ಅವ್ವನನ್ನ ದಾವಣಗೆರೆಗೆ 14 ಕಿಲೋಮೀಟರ್ ತಂದದ್ದು ಇದೇ ಕಾರು. ಆವತ್ತು ಹುಟ್ಟಿದೋಳು ನಾನು. ಅವ್ವ ಕಾರು ಉಳಿಸ್ರಿ ಅಂತಾಳ ಅಂದ್ಕೊಂಡಿದ್ದೆ. ಆಕಿ ಅಂದದ್ದು: "ಅದರ ಋಣ ಒಂದು ರಾತ್ರೀದು. ಅದಕ್ಕ ಐವತ್ತು ವರ್ಷ ನೆಳ್ಳು ಕೊಟ್ಟೀವಿ, ತೀರಿತು. ಓಡಸೋದಾದ್ರ ಇಟ್ಕೊಳ್ರಿ, ನಿಲ್ಲಸೋದಾದ್ರ ಓಡಸೋರಿಗೆ ಕೊಡ್ರಿ. ಹುಡುಗಿ ಫೀಸು ಮಾತ್ರ ಮುಟ್ಟಬ್ಯಾಡ್ರಿ."

ಹಂಗೇ ತೀರ್ಮಾನ ಆತು. ಸಾಲ ಇಲ್ಲ, ಪೇಂಟಿಲ್ಲ, ಹೊಳಪಿಲ್ಲ. ಎಂಜಿನ್, ಬ್ರೇಕು, ತಗಡು ಅಷ್ಟೇ, ಹುಡುಗನ ಪಗಾರದಾಗ. ಇಲ್ಲಿ ತನಕ 1 ಲಕ್ಷ 35 ಸಾವಿರ ಹೋಗೇತಿ. ಯುಗಾದಿ ತನಕ ತನ್ನ ಕಾಲ ಮ್ಯಾಲೆ ಓಡಿದ್ರ ನಮ್ಮಲ್ಲೇ. ಇಲ್ಲಾಂದ್ರ ಕತ್ತರಿಸದಂಗ, ಇಡೀ ಕಾರನ್ನ ಹಳೇ ಕಾರು ಜೋಪಾನ ಮಾಡೋರಿಗೆ ಕೊಡೋದು. ಒಬ್ಬ ಮೆಕ್ಯಾನಿಕ್ ಡೀಸೆಲ್ ಎಂಜಿನ್ ಕೂಡಿಸ್ರಿ ಅಂದಿದ್ದ. ಬ್ಯಾಡ ಅಂದ್ವಿ. ಯಾಕಂದ್ರ 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. ಹೊಸದಾಗಿ ಮಾಡಿಸಿದ್ರ 20,000 ಫೀಸು, 10 ವರ್ಷಕ್ಕ. ದಿನಾ ಓಡಸೋ ಹಂಗಿಲ್ಲ, ಪ್ರದರ್ಶನ, ರ‍್ಯಾಲಿಗೆ ಒಯ್ಯಬಹುದು. ಮೊದಲೇ ನೋಂದಣಿ ಆದ ಗಾಡಿಯಾದ್ರ ಹಳೇ ನಂಬರೇ ಉಳೀತದ.

ಇಲ್ಲೇ ನಿಮ್ಮ ಸಹಾಯ ಬೇಕು. ದೊಡ್ಡಪ್ಪನ ಆರ್.ಸಿ. ಪುಸ್ತಕ ಸಿಕ್ಕಿಲ್ಲ. ಪಾಲಾದಾಗ ದೊಡ್ಡವ್ವನ ಟ್ರಂಕು ಯಾರ ಮನಿಗೆ ಹೋತು? ಅಕ್ಕಾರೇ, ವೈನ್ಯಾರೇ, ನಿಮ್ಮ ಅಟ್ಟ, ಟ್ರಂಕು, ದೇವರ ಗೂಡಿನ ಹಿಂದಿನ ಹಳೇ ಕಾಗದ ಒಂದ್ಸಲ ನೋಡ್ರಿ. ಎಂ.ವೈ. ಅಂತ ಶುರುವಾಗೋ ನಂಬರಿನ ಪುಸ್ತಕ, ಇಲ್ಲಾ ಆ ಕಾರಿನ ಮುಂದೆ ನಿಂತ ಮದುವಿ ಫೋಟೋ, ಏನು ಸಿಕ್ರೂ ಫೋನ್ ಮಾಡ್ರಿ. ಹಂಗೇ ಹಂಡೇದ ಕೆಳಗೂ ಒಂದ್ಸಲ ನೋಡ್ಕೊಳ್ರಿ.