ಕೆಲಸದ ಸ್ಥಳದಲ್ಲಿ ಮಾನಸಿಕ ಒತ್ತಡ: ಕಾರಣ, ಲಕ್ಷಣ ಮತ್ತು ನಿರ್ವಹಣೆ

1. ಪೀಠಿಕೆ

ವಹಿಸಲಾದ ಕೆಲಸವು ಉದ್ಯೋಗಿಗೆ ಲಭ್ಯವಿರುವ ಸಮಯ, ಸಾಮರ್ಥ್ಯ ಹಾಗೂ ಸೌಲಭ್ಯಗಳನ್ನು ಮೀರಿದಾಗ ಉಂಟಾಗುವ ದೈಹಿಕ ಮತ್ತು ಮಾನಸಿಕ ಸ್ಥಿತಿಯನ್ನು ಕೆಲಸದ ಒತ್ತಡ ಎಂದು ಕರೆಯಲಾಗುತ್ತದೆ. ಇದನ್ನು ವ್ಯಕ್ತಿಯ ದೌರ್ಬಲ್ಯವೆಂದು ಭಾವಿಸುವುದು ಸಾಮಾನ್ಯವಾಗಿದೆ. ಈ ಭಾವನೆಯಿಂದಾಗಿ ಅನೇಕರು ತಮ್ಮ ತೊಂದರೆಯನ್ನು ಯಾರಲ್ಲಿಯೂ ಹೇಳಿಕೊಳ್ಳದೆ, ಆರೋಗ್ಯ ಕೆಟ್ಟ ನಂತರವೇ ವೈದ್ಯರನ್ನು ಕಾಣುತ್ತಾರೆ. ವಾಸ್ತವದಲ್ಲಿ ಒತ್ತಡದ ಮೂಲವು ಬಹುಪಾಲು ಸಂದರ್ಭಗಳಲ್ಲಿ ಕೆಲಸವನ್ನು ಹಂಚಿರುವ ಮತ್ತು ನಡೆಸುವ ರೀತಿಯಲ್ಲಿಯೇ ಇರುತ್ತದೆ. ಆದುದರಿಂದ ಪರಿಹಾರವನ್ನೂ ಅಲ್ಲಿಂದಲೇ ಆರಂಭಿಸಬೇಕಾಗುತ್ತದೆ. ಈ ಕುರಿತ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಒತ್ತಡ ಎಂದರೇನು?

ಅಪಾಯ ಎದುರಾದಾಗ ದೇಹವು ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳನ್ನು ಸ್ರವಿಸುತ್ತದೆ. ಇದರಿಂದ ಹೃದಯ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಇದು ಸ್ವಾಭಾವಿಕ ಪ್ರಕ್ರಿಯೆಯಾಗಿದ್ದು, ಸ್ವಲ್ಪ ಕಾಲದಲ್ಲಿ ದೇಹವು ಮೊದಲಿನ ಸ್ಥಿತಿಗೆ ಮರಳುತ್ತದೆ. ಮರಳಲು ಅವಕಾಶವೇ ದೊರೆಯದೆ ತಿಂಗಳುಗಟ್ಟಲೆ ಇದೇ ಸ್ಥಿತಿ ಮುಂದುವರಿದಾಗ ಹಾನಿಯುಂಟಾಗುತ್ತದೆ.

ಉದಾಹರಣೆಗೆ, ಆರ್ಥಿಕ ವರ್ಷದ ಕೊನೆಯಲ್ಲಿ, ಅಂದರೆ ಮಾರ್ಚ್ ತಿಂಗಳಲ್ಲಿ, ಲೆಕ್ಕಪತ್ರ ಶಾಖೆಯ ಸಿಬ್ಬಂದಿಯು ರಾತ್ರಿಯವರೆಗೂ ಬಿಲ್ಲುಗಳನ್ನು ಸಿದ್ಧಪಡಿಸಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಕೆಲಸ ಇಳಿದು ವಿಶ್ರಾಂತಿ ದೊರೆತಲ್ಲಿ ಆ ದಣಿವು ನೀಗುತ್ತದೆ. ವರ್ಷದ ಹನ್ನೆರಡು ತಿಂಗಳೂ ಮಾರ್ಚ್ ಆದಲ್ಲಿ ಅದು ನೀಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಪರಿಷ್ಕರಣೆಯು, ಸಮರ್ಪಕವಾಗಿ ನಿರ್ವಹಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿಯನ್ನು ‘ಬರ್ನ್‌ಔಟ್’ ಎಂದು ಗುರುತಿಸಿದೆ. ಇದನ್ನು ರೋಗವೆಂದು ಪರಿಗಣಿಸಿರುವುದಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಪರಿಗಣಿಸಲಾಗಿದೆ. ಶಕ್ತಿ ಬರಿದಾದ ಭಾವನೆ, ಕೆಲಸದ ಬಗ್ಗೆ ಬೇಸರ ಅಥವಾ ನಿರ್ಲಿಪ್ತತೆ ಮತ್ತು ಕಾರ್ಯದಕ್ಷತೆಯ ಇಳಿಕೆ ಇದರ ಮೂರು ಲಕ್ಷಣಗಳಾಗಿವೆ.

3. ಕಾರಣಗಳು

ಉನ್ನತ ಹುದ್ದೆಯಲ್ಲಿರುವವರಿಗೆ ಜವಾಬ್ದಾರಿ ಹೆಚ್ಚು, ಆದ್ದರಿಂದ ಒತ್ತಡ ಮತ್ತು ಹೃದ್ರೋಗವೂ ಅವರಿಗೇ ಹೆಚ್ಚು ಎಂಬ ನಂಬಿಕೆ ಹಿಂದೆ ಇತ್ತು. ಲಂಡನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು ಕುರಿತು 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವು ಇದಕ್ಕೆ ವಿರುದ್ಧವಾದ ಅಂಶವನ್ನು ಹೊರತಂದಿತು. ಹುದ್ದೆಯ ಶ್ರೇಣಿ ಇಳಿದಂತೆ ಹೃದ್ರೋಗದಿಂದ ಸಂಭವಿಸುವ ಮರಣದ ಪ್ರಮಾಣ ಏರುತ್ತಿತ್ತು. ಧೂಮಪಾನ, ರಕ್ತದೊತ್ತಡ ಮುಂತಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರವೂ ವ್ಯತ್ಯಾಸ ಪೂರ್ಣವಾಗಿ ಅಳಿಯಲಿಲ್ಲ. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನವು 10,308 ನೌಕರರನ್ನು ಒಳಗೊಂಡಿತ್ತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಕಡಿಮೆ ಇದ್ದವರಲ್ಲಿ ಹೃದ್ರೋಗದ ಸಂಭವ ಹೆಚ್ಚೆಂಬುದು ಅದರಿಂದ ಕಂಡುಬಂದಿತು.

ಇಂತಹ ಪರಿಸ್ಥಿತಿಯನ್ನು ನಮ್ಮಲ್ಲಿಯೂ ಕಾಣಬಹುದು. ಗಂಟೆಗೆ ಇಷ್ಟು ಎಂದು ಗುರಿ ನಿಗದಿಯಾಗಿರುವ ಸಿದ್ಧ ಉಡುಪು ಕಾರ್ಖಾನೆಯ ಕಾರ್ಮಿಕರು ಹೊಲಿಗೆಯ ವೇಗವನ್ನು ತಾವು ನಿರ್ಧರಿಸಲಾರರು. ಬಸ್ಸಿನ ಚಾಲಕರ ಕೈಯಲ್ಲಿ ವೇಳಾಪಟ್ಟಿಯೂ ಇಲ್ಲ, ರಸ್ತೆಯ ದಟ್ಟಣೆಯೂ ಇಲ್ಲ. ಸೇವಾ ಕೌಂಟರಿನ ಸಿಬ್ಬಂದಿಯು ಅರ್ಜಿಗಳ ಸಂಖ್ಯೆಯನ್ನಾಗಲಿ ಸರ್ವರಿನ ವೇಗವನ್ನಾಗಲಿ ನಿಯಂತ್ರಿಸಲಾರರು. ಆದರೆ ವಿಳಂಬದ ಬಗೆಗಿನ ಅಸಮಾಧಾನವನ್ನು ಎದುರಿಸುವವರು ಅವರೇ.

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರವು 2004ರಲ್ಲಿ ಪ್ರಕಟಿಸಿದ ಮಾನದಂಡಗಳಲ್ಲಿ ಒತ್ತಡದ ಮೂಲಗಳನ್ನು ಆರು ವಿಭಾಗಗಳಲ್ಲಿ ವಿಂಗಡಿಸಿದೆ:

(ಅ) ಬೇಡಿಕೆ: ಕೆಲಸದ ಪ್ರಮಾಣ, ಅವಧಿ, ಪಾಳಿ ಮತ್ತು ಪರಿಸರ.
(ಆ) ನಿಯಂತ್ರಣ: ಕೆಲಸವನ್ನು ಮಾಡುವ ವಿಧಾನದಲ್ಲಿ ಉದ್ಯೋಗಿಗೆ ಇರುವ ಸ್ವಾತಂತ್ರ್ಯ.
(ಇ) ಬೆಂಬಲ: ಮೇಲಧಿಕಾರಿ ಮತ್ತು ಸಹೋದ್ಯೋಗಿಗಳಿಂದ ದೊರೆಯುವ ನೆರವು.
(ಈ) ಸಂಬಂಧ: ಅವಮಾನ, ಕಿರುಕುಳ, ಜಗಳಗಳಿಲ್ಲದ ವಾತಾವರಣ.
(ಉ) ಪಾತ್ರ: ತನ್ನ ಕರ್ತವ್ಯವೇನು, ಯಾರಿಗೆ ಉತ್ತರದಾಯಿ ಎಂಬ ಸ್ಪಷ್ಟತೆ.
(ಊ) ಬದಲಾವಣೆ: ಹೊಸ ವ್ಯವಸ್ಥೆ, ವರ್ಗಾವಣೆ ಇತ್ಯಾದಿಗಳನ್ನು ತಿಳಿಸಿ ಜಾರಿಗೊಳಿಸುವ ಕ್ರಮ.

4. ಲಕ್ಷಣಗಳು

• ದೈಹಿಕ: ತಲೆನೋವು, ಕುತ್ತಿಗೆ ಮತ್ತು ಬೆನ್ನಿನ ಬಿಗಿತ, ಅಜೀರ್ಣ, ಎದೆ ಬಡಿತ, ನಿದ್ರಾಹೀನತೆ.
• ಮಾನಸಿಕ: ಸಿಡುಕು, ಆತಂಕ, ಮರೆವು, ಏಕಾಗ್ರತೆಯ ಕೊರತೆ, ನಿರಾಸೆ.
• ವರ್ತನೆ: ಪದೇ ಪದೇ ಗೈರುಹಾಜರಿ, ಕೆಲಸದಲ್ಲಿ ತಪ್ಪುಗಳ ಹೆಚ್ಚಳ, ಮದ್ಯಪಾನ ಅಥವಾ ತಂಬಾಕಿನ ಸೇವನೆಯ ಏರಿಕೆ, ಮನೆಯವರೊಡನೆ ಮಾತು ಕಡಿಮೆಯಾಗುವುದು.

ಈ ಲಕ್ಷಣಗಳು ಎರಡು ವಾರಕ್ಕಿಂತ ಹೆಚ್ಚು ಕಾಲ ಉಳಿದಲ್ಲಿ ವೈದ್ಯರನ್ನು ಕಾಣುವುದು ಸೂಕ್ತ. ಎದೆನೋವನ್ನು ಒತ್ತಡದ ನೋವೆಂದು ತಾವೇ ತೀರ್ಮಾನಿಸಬಾರದು. ವಿಳಂಬವಿಲ್ಲದೆ ಆಸ್ಪತ್ರೆಗೆ ತೆರಳಬೇಕು. ಆಂಬ್ಯುಲೆನ್ಸ್ ಸೇವೆಗೆ 108ಕ್ಕೆ ಕರೆ ಮಾಡಬಹುದು.

5. ಉದ್ಯೋಗಿಗಳು ಅನುಸರಿಸಬಹುದಾದ ಕ್ರಮಗಳು

1) ಯಾವ ಕೆಲಸ, ಯಾವ ಸಮಯ ಅಥವಾ ಯಾವ ಸನ್ನಿವೇಶ ಒತ್ತಡವನ್ನುಂಟುಮಾಡುತ್ತದೆ ಎಂಬುದನ್ನು ಎರಡು ವಾರ ದಿನವಹಿ ಬರೆದಿಡಬೇಕು. ಮೇಲಿನ ಆರು ವಿಭಾಗಗಳಲ್ಲಿ ಅದು ಎಲ್ಲಿ ಸೇರುತ್ತದೆ ಎಂಬುದನ್ನು ಗುರುತಿಸಬೇಕು.
2) ಆ ಟಿಪ್ಪಣಿಯೊಂದಿಗೆ ಮೇಲಧಿಕಾರಿಯನ್ನು ಕಾಣಬೇಕು. ‘ಕೆಲಸ ಹೆಚ್ಚಾಗಿದೆ’ ಎನ್ನುವುದಕ್ಕಿಂತ ‘ಈ ಮೂರು ಕೆಲಸಗಳಲ್ಲಿ ಯಾವುದನ್ನು ಮೊದಲು ಮುಗಿಸಬೇಕು’ ಎಂದು ಕೇಳುವುದು ಹೆಚ್ಚು ಫಲಕಾರಿ.
3) ಊಟದ ವಿರಾಮವನ್ನು ಬಿಡಬಾರದು. ಕುಳಿತು ಕೆಲಸ ಮಾಡುವವರು ಆಗಾಗ ಎದ್ದು ನಡೆಯಬೇಕು.
4) ನಿದ್ರೆಯ ಸಮಯವನ್ನು ನಿಗದಿಪಡಿಸಿಕೊಳ್ಳಬೇಕು. ನಡಿಗೆ, ಯೋಗ, ಪ್ರಾಣಾಯಾಮಗಳು ಸಹಕಾರಿಯಾಗುತ್ತವೆ. ಆದರೆ ಇವು ಮಿತಿಮೀರಿದ ಕೆಲಸಕ್ಕೆ ಪರ್ಯಾಯವಲ್ಲ.
5) ವಿಶ್ವಾಸವಿರುವ ಒಬ್ಬರೊಡನೆಯಾದರೂ ಮಾತನಾಡಬೇಕು.

6. ಉದ್ಯೋಗದಾತರ ಹೊಣೆ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಸಂಭವವು 35ರಿಂದ 40 ಗಂಟೆ ದುಡಿಯುವವರಿಗಿಂತ ಶೇ. 35ರಷ್ಟು ಹೆಚ್ಚು. ಆದ್ದರಿಂದ ಕೆಲಸದ ಅವಧಿಯನ್ನು ಮಿತಿಯಲ್ಲಿಡುವುದು ಆರೋಗ್ಯ ರಕ್ಷಣೆಯ ಕ್ರಮವೂ ಹೌದು. ಖಾಲಿ ಹುದ್ದೆಯ ಕೆಲಸವನ್ನು ಒಬ್ಬರ ಮೇಲೆಯೇ ಹೊರಿಸದಿರುವುದು, ಪಾಳಿಯ ಪಟ್ಟಿಯನ್ನು ಮುಂಚಿತವಾಗಿ ತಿಳಿಸುವುದು, ಎಲ್ಲರ ಮುಂದೆ ಗದರಿಸದಿರುವುದು, ರಜೆಯನ್ನು ಸಕಾಲದಲ್ಲಿ ಮಂಜೂರು ಮಾಡುವುದು ಇವೆಲ್ಲ ಹೆಚ್ಚಿನ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳಾಗಿವೆ.

7. ಕಾನೂನಿನ ರಕ್ಷಣೆ

• ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗಳ ಸಂಹಿತೆ, 2020 ದಿನಾಂಕ 21.11.2025ರಿಂದ ಜಾರಿಗೆ ಬಂದಿದೆ. ಇದಕ್ಕೆ ಒಳಪಡುವ ಕಾರ್ಮಿಕರಿಂದ ಹೆಚ್ಚುವರಿ ಅವಧಿಯ ಕೆಲಸ ಪಡೆಯಲು ಅವರ ಒಪ್ಪಿಗೆ ಅಗತ್ಯ. ಅಂತಹ ಅವಧಿಗೆ ವೇತನವನ್ನು ಎರಡರಷ್ಟು ದರದಲ್ಲಿ ಪಾವತಿಸಬೇಕು.
• ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆ ಕುರಿತ 2013ರ ಅಧಿನಿಯಮದಂತೆ, 10 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವಲ್ಲಿ ಆಂತರಿಕ ಸಮಿತಿ ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ಸಿಬ್ಬಂದಿ ಅದಕ್ಕಿಂತ ಕಡಿಮೆ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ನೀಡಬಹುದು.
• ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರಂತೆ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕಾಗಿದೆ. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಬೇಕು. ವಿಮಾ ಸಂಸ್ಥೆಗಳು ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು.

8. ನೆರವು ಪಡೆಯುವ ವಿಧಾನ

ಟೆಲಿ-ಮಾನಸ್ ಸಹಾಯವಾಣಿಯು 2022ರ ಅಕ್ಟೋಬರ್ 10ರಂದು ಆರಂಭವಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ರಾಷ್ಟ್ರೀಯ ಉನ್ನತ ಕೇಂದ್ರವಾಗಿದೆ. ದೂರವಾಣಿ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸೇವೆ ಲಭ್ಯವಿರುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡ ಪ್ರಯೋಗದ ಮಾದರಿಯಲ್ಲಿಯೇ ಈ ಕಾರ್ಯಕ್ರಮವನ್ನು 1996ರಲ್ಲಿ ದೇಶದಲ್ಲಿ ಆರಂಭಿಸಲಾಯಿತು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಮೊದಲು ಕಂಡು, ಅವರ ಸಲಹೆಯಂತೆ ಮುಂದುವರಿಯಬಹುದು.

ಬದುಕು ಬೇಡವೆಂಬ ಆಲೋಚನೆ ಬಂದಲ್ಲಿ ಎರಡು ವಾರ ಕಾಯುವಂತಿಲ್ಲ. ತಕ್ಷಣವೇ 14416ಕ್ಕೆ ಕರೆ ಮಾಡಬೇಕು ಅಥವಾ ಆಸ್ಪತ್ರೆಗೆ ತೆರಳಬೇಕು. ಸಹೋದ್ಯೋಗಿಯೊಬ್ಬರು ಇಂತಹ ಮಾತನ್ನಾಡಿದಲ್ಲಿ ಅದನ್ನು ಹಗುರವಾಗಿ ಪರಿಗಣಿಸದೆ, ಅವರನ್ನು ಒಂಟಿಯಾಗಿ ಬಿಡದೆ ನೆರವಿಗೆ ಕರೆದೊಯ್ಯಬೇಕು.

9. ಗಮನಿಸಬೇಕಾದ ಅಂಶ

ಒತ್ತಡವನ್ನು ಹೇಳಿಕೊಳ್ಳುವುದು ಕರ್ತವ್ಯಲೋಪವಲ್ಲ. ಯಂತ್ರದ ದೋಷವನ್ನು ಸಕಾಲದಲ್ಲಿ ವರದಿ ಮಾಡಿದಲ್ಲಿ ಅಪಘಾತ ತಪ್ಪುವಂತೆ, ಕೆಲಸದ ವ್ಯವಸ್ಥೆಯಲ್ಲಿನ ದೋಷವನ್ನು ಸಕಾಲದಲ್ಲಿ ತಿಳಿಸಿದಲ್ಲಿ ಅನಾರೋಗ್ಯ ತಪ್ಪುತ್ತದೆ. ಸೇವೆಗಾಗಿ ಕಚೇರಿಗೆ ಬರುವವರೂ ಒಂದಲ್ಲ ಒಂದು ಕಡೆ ದುಡಿಯುವವರೇ ಆಗಿದ್ದು, ಕೌಂಟರಿನ ಎರಡೂ ಬದಿಯಲ್ಲಿ ತಾಳ್ಮೆ ಅಗತ್ಯ. ಸಾರ್ವಜನಿಕರು ಮೇಲ್ಕಂಡ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.