ಹುಡುಗರ ಆಕಾಶಕ್ಕೆ ಬಂದ ಕಾನೂನು

ಬಕ್ ಡ್ಯಾನಿ ಎಂಬ ಅಮೆರಿಕನ್ ವೈಮಾನಿಕ ಹುಟ್ಟಿದ್ದು ಅಮೆರಿಕೆಯಲ್ಲಲ್ಲ, ಬೆಲ್ಜಿಯಂ ದೇಶದಲ್ಲಿ. 1947ರ ಜನವರಿ 2ರಂದು ‘ಸ್ಪಿರೂ’ ಎಂಬ ಮಕ್ಕಳ ವಾರಪತ್ರಿಕೆಯ ಚಿತ್ರಕಥೆಯಲ್ಲಿ ಆತ ಮೊದಲು ಕಾಣಿಸಿಕೊಂಡ. ಜರ್ಮನರ ಹಿಡಿತದಿಂದ ಆ ದೇಶ ಬಿಡುಗಡೆಯಾಗಿ ಆಗ ಎರಡು ವರ್ಷ ಚಿಲ್ಲರೆ ಕಳೆದಿತ್ತಷ್ಟೆ. ತಲೆಯ ಮೇಲೆ ಹಾರಿಹೋದ ವಿಮಾನಗಳ ಮೊರೆತವನ್ನು ಆ ಮಕ್ಕಳ ಕಿವಿ ಇನ್ನೂ ಮರೆತಿರಲಿಲ್ಲ. ಅಮೆರಿಕದ ಹಾರಾಟಗಾರನನ್ನು ಅವರು ನಾಯಕನೆಂದು ಒಪ್ಪಿದ್ದರಲ್ಲಿ ಆಶ್ಚರ್ಯವೇನಿದೆ?

ಕಥೆ ಬರೆದವರು ಶಾರ್ಲಿಯೇ, ಚಿತ್ರ ಬರೆದವರು ಯುಬಿನೋಂ. ಇಬ್ಬರೂ 1924ರಲ್ಲಿ ಹುಟ್ಟಿದವರು. ವಿಮಾನದ ಕಥೆ ಹೇಳುವವನಿಗೆ ವಿಮಾನ ನಡೆಸಲು ಬರಬೇಕೆಂಬುದು ಅವರ ಹಟವಾಗಿದ್ದಿರಬೇಕು. ಇಬ್ಬರೂ ಹಾರಾಟ ಕಲಿತರು. ಶಾರ್ಲಿಯೇಯವರಂತೂ ಬೆಲ್ಜಿಯಂನ ಸಬೇನಾ ಕಂಪನಿಯಲ್ಲಿ ಕೆಲಕಾಲ ವೈಮಾನಿಕರಾಗಿಯೇ ದುಡಿದರು. ರೆಕ್ಕೆಯ ಓರೆ, ಚಕ್ರ ಮಡಚುವ ಬಗೆ, ಹಡಗಿನ ಅಟ್ಟದ ಮೇಲೆ ಇಳಿಯುವಾಗಿನ ಕ್ರಮ, ಇವೆಲ್ಲ ಅವರ ಪುಟಗಳಲ್ಲಿ ಅಂದಾಜಿನ ಮಾತಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಈ ನಿಷ್ಠೆ ಸಾಲದು. ಪರ್ಲ್ ಹಾರ್ಬರಿನಿಂದ ಆರಂಭವಾಗುವ ಮೊದಲ ಪುಸ್ತಕದ ಹೆಸರಿನಲ್ಲೇ ಜಪಾನೀಯರನ್ನು ಹೀಗಳೆಯುವ ಪದವಿದೆ. ಯುದ್ಧಕಾಲದ ಕಹಿ ಎಂದು ಅದನ್ನು ಅರ್ಥಮಾಡಿಕೊಳ್ಳಬಹುದು, ಸಮರ್ಥಿಸಲಾಗದು.

ಈ ನಡುವೆ ಫ್ರಾನ್ಸಿನಲ್ಲಿ 1949ರ ಜುಲೈ 16ರ ಕಾನೂನು ಬಂತು. ಕಳ್ಳತನ, ಸುಳ್ಳು, ಸೋಮಾರಿತನ, ಹೇಡಿತನ, ದ್ವೇಷ ಇವನ್ನು ಮೆಚ್ಚುವಂತೆ ಚಿತ್ರಿಸುವುದು ಮಕ್ಕಳ ಪತ್ರಿಕೆಗಳಿಗೆ ನಿಷಿದ್ಧವಾಯಿತು. ಹೊರದೇಶದ ಪುಸ್ತಕಗಳ ಮೇಲೂ ಕಣ್ಗಾವಲು ಬಿತ್ತು. ಇದಕ್ಕಾಗಿ ಕಮ್ಯುನಿಸ್ಟರೂ ಕ್ಯಾಥೊಲಿಕರೂ ಒಂದಾದರೆಂಬುದು ಸ್ವಾರಸ್ಯದ ಸಂಗತಿ. ಒಬ್ಬರಿಗೆ ಅಮೆರಿಕದ ಭಯ, ಇನ್ನೊಬ್ಬರಿಗೆ ನೀತಿಯ ಚಿಂತೆ!

ಕೊರಿಯಾ ಯುದ್ಧ ನಡೆದಾಗ ಶಾರ್ಲಿಯೇ ತಮ್ಮ ನಾಯಕನನ್ನು ಅಲ್ಲಿಗೂ ಕಳುಹಿಸಿದರು. ಆ ಕಥೆಯ ಎರಡು ಪುಸ್ತಕಗಳಿಗೆ ಫ್ರಾನ್ಸ್ ಬಾಗಿಲು ಮುಚ್ಚಿತು. ಫ್ರೆಂಚ್ ಮಾರುಕಟ್ಟೆಯನ್ನು ಕಳೆದುಕೊಂಡು ಬೆಲ್ಜಿಯಂನ ಪ್ರಕಾಶಕ ಬದುಕುವುದು ಕಷ್ಟ. ಅಂದಿನಿಂದ ಬಕ್ ಡ್ಯಾನಿ ನಿಜವಾದ ಯುದ್ಧಗಳಿಂದ ದೂರ ಸರಿದ. ಗೂಢಚಾರರು, ಕಳುವಾದ ವಿಮಾನಗಳು, ಕಲ್ಪಿತ ರಾಜ್ಯಗಳ ದಂಗೆಗಳು ಬಂದವು. ವಿಮಾನಗಳೇನೋ ಹಿಂದಿನಂತೆಯೇ ಅಚ್ಚುಕಟ್ಟು. ಆದರೆ ಅವು ಬಾಂಬು ಹಾಕುವ ಊರನ್ನು ಹುಡುಗ ಯಾವ ನಕ್ಷೆಯಲ್ಲಿಯೂ ಹುಡುಕುವಂತಿರಲಿಲ್ಲ. ಇದರಿಂದ ಮಕ್ಕಳಿಗೆ ಒಳ್ಳೆಯದಾಯಿತೆಂದು ನನಗೆ ಅನ್ನಿಸುವುದಿಲ್ಲ. ಹೆಸರಿಲ್ಲದ ಶತ್ರುವನ್ನು ದ್ವೇಷಿಸುವುದು ಇನ್ನೂ ಸುಲಭವಲ್ಲವೆ?

ಯುಬಿನೋಂ 1979ರಲ್ಲಿ, ಶಾರ್ಲಿಯೇ 1989ರಲ್ಲಿ ತೀರಿಕೊಂಡರು. ಬಕ್ ಡ್ಯಾನಿ ಈಗ ಬೇರೆಯವರ ಕೈಯಲ್ಲಿ ಹಾರುತ್ತಿದ್ದಾನೆ.