ಕಾವು: ಒಲೆಯಿಂದ ನೆಲದಾಳಕ್ಕೆ

ಬೈಲಹೊಂಗಲ ಸೀಮೆಯ ಅಡುಗೆಮನೆಯಲ್ಲಿ “ಹಂಚು ಕಾದೈತಿ, ರೊಟ್ಟಿ ಹಾಕು” ಎನ್ನುತ್ತಾರೆ. ಬಿಸಿ ಎಂಬುದು ಮುಟ್ಟಿದ ಬೆರಳಿಗೆ ತಿಳಿಯುವಂಥದ್ದು. ಕಾವು ವಸ್ತು ಒಳಗೆ ಹಿಡಿದಿಟ್ಟುಕೊಂಡದ್ದು, ಉರಿ ಆರಿದ ಮೇಲೂ ಸೂಸುವಂಥದ್ದು. ತಾಪಮಾನ ಬೇರೆ, ಶಾಖ ಬೇರೆ ಎಂದು ಎಂಜಿನಿಯರಿಂಗ್ ತರಗತಿಯಲ್ಲಿ ಕಲಿಸುವ ಮೊದಲ ಪಾಠವೂ ಇದೇ.

ಕಾವಿನ ಧಾತು ಕಾಯ್. ತಮಿಳಿನಲ್ಲಿ ಅದು ‘ಕಾಯ್ಚಲ್’ ಆಗಿ ಜ್ವರವಾಯಿತು. ಹಳಗನ್ನಡದ ‘ಕಾಯ್ಪು’ ಬಿಸುಪೂ ಹೌದು, ಸಿಟ್ಟೂ ಹೌದು. ಕಾಸು, ಕಾವಲಿ, ಕಾವಿಗೆ ಕೂತ ಕೋಳಿ ಎಲ್ಲ ಈ ಬಳಗವೇ. ಕಾಪಾಡು ಎಂಬರ್ಥದ ಕಾಯ್, ಅದರಿಂದ ಬಂದ ಕಾವಲು ಬೇರೆ ಮನೆತನದವು. ಕೋಳಿಯನ್ನು ನೋಡಿ ಎರಡನ್ನೂ ಬೆಸೆಯುವ ಆಸೆ ಹುಟ್ಟೀತು, ಬೇಡ.

ನೆಲಕ್ಕೂ ಕಾವಿಗೂ ನಂಟು ಕಟ್ಟಿದ್ದು ಹಗೇವು, ಜೋಳ ತುಂಬಿಡುವ ನೆಲದೊಳಗಿನ ಕಣಜ. ಅದರ ಬಾಯಿ ತೆಗೆದರೆ ಕಾವು ಹೋಗುವ ತನಕ ಯಾರೂ ಇಳಿಯುತ್ತಿರಲಿಲ್ಲ. ಆ ಕಾವು ಭೂಮಿಯದಲ್ಲ, ಕಾಳು ಉಸಿರಾಡಿ ಹುಟ್ಟಿಸಿದ್ದು. ಜೊತೆಗೆ ಜೀವ ತೆಗೆಯಬಲ್ಲ ಇಂಗಾಲದ ಡೈಆಕ್ಸೈಡ್ ಕೂಡ.

ಭೂಮಿಯದೇ ಕಾವು ಬೇಕಾದರೆ ಇನ್ನೂ ಆಳಕ್ಕೆ ಹೋಗಬೇಕು. ಅದರಲ್ಲಿ ಒಂದು ಪಾಲು ಭೂಮಿ ಹುಟ್ಟಿದಾಗಿನದು, ಇನ್ನೊಂದು ಪಾಲು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದ್ದು. ಇಟಲಿಯ ಲಾರ್ದೆರೆಲ್ಲೊದಲ್ಲಿ ನೆಲದ ಹಬೆಯಿಂದ 1904ರಲ್ಲೇ ದೀಪ ಉರಿಸಿದರು. ನಮ್ಮಲ್ಲಿ? ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ ಇಳಿದಿತ್ತು, ತಳದ ಬಂಡೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಇಳಿದವರಿಗೆ ಅದು ಕೆಂಡ. ಭೂಶಾಖದ ಲೆಕ್ಕದಲ್ಲಿ ತಣ್ಣನೆ ನೆಲ. ಭೂಖಂಡಗಳಲ್ಲಿ ಸರಾಸರಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರಿದರೆ, ಅಲ್ಲಿ ಏರುವುದು ಸುಮಾರು 11. ಹಬೆಗೆ 150 ಡಿಗ್ರಿ ಬೇಕೆಂದರೆ ಅಲ್ಲಿ 10 ಕಿಲೋಮೀಟರಿಗೂ ಆಳ ಕೊರೆಯಬೇಕು. ಕಿತ್ತೂರಿನ ಅಡಿಯಲ್ಲೂ, ಸವದತ್ತಿ-ರಾಮದುರ್ಗದ ಕಲಾದಗಿ ಮರಳುಗಲ್ಲಿನ ಕೆಳಗೂ ಇರುವುದು ಕೋಲಾರದ ಅಡಿಯ ಅದೇ ಧಾರವಾಡ ಕ್ರೇಟಾನ್ ಎಂಬ ಪುರಾತನ ಬುನಾದಿ. ಬೆಳಗಾವಿಯ ಉತ್ತರಕ್ಕೆ ಹಾಸಿರುವ ದಖ್ಖನ್ ಲಾವಾ ಕಂಡು ಕೆಳಗೆ ಬೆಂಕಿಯಿದೆ ಎನ್ನುವವರಿದ್ದಾರೆ. ಅದು ಹರಿದು 6.6 ಕೋಟಿ ವರ್ಷವಾಯಿತು, ಕಾವು ಎಂದೋ ಆರಿದೆ.

ಕರ್ನಾಟಕದ ಹೆಸರಾಂತ ಬಿಸಿನೀರ ಬುಗ್ಗೆ ದೂರದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿದೆ, ಬೆಂದ್ರುತೀರ್ಥ. ತುಳುವಿನ ‘ಬೆಂದ್ರ್’ ಹಳಗನ್ನಡದ ‘ಬೆನ್ನೀರ್’ಗೆ ಒಡಹುಟ್ಟು. ಆದರೆ ಅದು ಸ್ನಾನಕ್ಕೆ ಹಿತವಾದ ಉಗುರುಬೆಚ್ಚಗಿನ ನೀರು, ಟರ್ಬೈನು ತಿರುಗಿಸುವಂಥದ್ದಲ್ಲ.

ಹಾಗಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳಲ್ಲಿ ಭೂಶಾಖದ ವಿದ್ಯುತ್ತಿಗೆ ಕೊಳವೆಬಾವಿ ಕೊರೆಯುವುದು ದುಡ್ಡು ದಂಡ. ದಕ್ಕುವುದು ಹಗೇವಿನ ಆಳಕ್ಕಿಂತ ತುಸು ಕೆಳಗೆ: ಕೆಲವು ಮೀಟರು ಇಳಿದರೆ ಬ್ಯಾಸಗಿ, ಚಳಿಗಾಲ ಎನ್ನದೆ ನೆಲ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಅಲ್ಲಿ ಕೊಳವೆ ಹೂತು, ಹೀಟ್ ಪಂಪಿನಿಂದ ಕಟ್ಟಡದ ಬಿಸಿಯನ್ನು ನೆಲಕ್ಕಿಳಿಸಿ ತಂಪು ಮಾಡಬಹುದು. ಪಠ್ಯದ ‘ಭೂಶಾಖ’ದ ಪಕ್ಕ ‘ನೆಲಗಾವು’ ಎಂದೂ ಬರೆಯಿರಿ ಎಂದು ಎಂಜಿನಿಯರುಗಳಲ್ಲಿ ನನ್ನ ಕೋರಿಕೆ. ರಾಮದುರ್ಗದ ರೈತನಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.